ಕೋಟೆಯೊಳಗೆ ಯಾರೂ ಬರಂಗಿಲ್ಲೇನು?

ಸ್ಕೆಚ್‌ಬುಕ್ ಸರಣಿ, ಭಾಗ 4. ಉದ್ದ ಐತಿ, ಸೇವ್ ಮಾಡಿಟ್ಟು ಬಸ್ಸಿನಾಗ ಓದ್ರಿ.

ಮೊದಲ ಸ್ಲೈಡಿನಲ್ಲಿರೋದು ಎರಡು ವರ್ಷದ ಹಿಂದೆ ನಾನು ತೆಗೆದ ಕಿತ್ತೂರು ಕೋಟೆ. ಅರಮನೆಯ ಮುರಿದ ಗೋಡೆ, ಕಲ್ಲು, ಕಲ್ಲಿನ ಸಂದಿಯ ಹುಲ್ಲು, ಎಲ್ಲಾ ಇದೆ. ಪೋರ್ಟ್‌ಫೋಲಿಯೊ ನೋಡಿದ ಸರ್ ಒಬ್ಬರು ಆರು ಹಾಳೆ ತಿರುವಿ ಒಂದೇ ಪ್ರಶ್ನೆ ಕೇಳಿದ್ರು: "ಇಲ್ಲಿ ಯಾರೂ ಬರಂಗಿಲ್ಲೇನು?" ನನಗೆ ಸಿಟ್ಟು ಬಂತು. ಮನೆಗೆ ಬಂದು ಪಿಂಟರೆಸ್ಟ್ ತೆರೆದು, ಚಂದಗೆ ನಿಂತ ನಾಲ್ಕು ಜನರನ್ನ ನೋಡಿ ಕೋಟೆಯೊಳಗೆ ಸೇರಿಸಿದೆ. ಎರಡನೇ ಸ್ಲೈಡ್ ನೋಡ್ರಿ, ನಗಬ್ಯಾಡ್ರಿ. ಹೂಡಿ ಹಾಕ್ಕೊಂಡ ಹುಡುಗ ಒಬ್ಬ ಚೆನ್ನಮ್ಮನ ಅರಮನೆಯಲ್ಲಿ ನೆಲದಿಂದ ಅರ್ಧ ಅಡಿ ಮೇಲೆ ತೇಲ್ತಾ ಇದಾನೆ.

ಕ್ಲಾಸಿನ ಅರ್ಧ ಜನ ಒಪ್ಪಲ್ಲ ಅಂತ ಗೊತ್ತು, ಆದರೂ ಹೇಳ್ತೀನಿ. ಫಿಗರ್ ಬೇರೆ, ಲೊಕೇಶನ್ ಬೇರೆ ಅಂತ ಕಲಿಯೋದೇ ನಮ್ಮನ್ನ ಕೆಡಿಸ್ತಿರೋದು. ಒಂದು ದಿನ ಅನಾಟಮಿ, ಇನ್ನೊಂದು ದಿನ ಪರ್ಸ್ಪೆಕ್ಟಿವ್. ಇವೆರಡರ ನಡುವೆ ಮನುಷ್ಯ ನೆಲಕ್ಕೆ ಕಾಲೂರಿ ನಿಲ್ಲೋದು ಕಳೆದುಹೋಗುತ್ತೆ.

ಆ ಹುಡುಗ ತೇಲಿದ್ದು ಯಾಕೆ ಅಂತ ತಿಳಿದದ್ದು ಮತ್ತೆ ಕಿತ್ತೂರಿಗೆ ಹೋದಾಗ. ಸಮತಟ್ಟಾದ ಜಾಗದಲ್ಲಿ ನೀವು ನಿಂತು ನೋಡ್ತಿದ್ರೆ, ನಿಮ್ಮಷ್ಟೇ ಎತ್ತರದವರ ಕಣ್ಣು ಹತ್ತು ಹೆಜ್ಜೆ ದೂರದಲ್ಲಿದ್ರೂ ನೂರು ಹೆಜ್ಜೆ ದೂರದಲ್ಲಿದ್ರೂ ನಿಮ್ಮ ಕಣ್ಣಿನ ಗೆರೆ ಮೇಲೇ ಬರುತ್ತೆ. ದೂರ ಹೋದಂತೆ ಮೇಲೇರೋದು ಪಾದ. ನಾನು ತಲೆಗಳನ್ನ ಮನಸ್ಸಿಗೆ ಬಂದಲ್ಲಿ ಅಂಟಿಸಿದ್ದೆ. ಮೇಲಾಗಿ ಕೂತು ತೆಗೆದ ಕೋಟೆಗೆ ನಿಂತು ತೆಗೆದ ಫೋಟೋದ ಜನ! ಎರಡು ಬೇರೆ ಕಣ್ಣು, ಒಂದೇ ಹಾಳೆ. ಹೆಂಗ ಕೂಡತಾವ?

"ಜನ ನಿಲ್ಲಲ್ಲ, ಫೋಟೋ ಇಲ್ಲದೆ ಹೆಂಗೆ?" ಅಂತ ಹೋದ ಭಾಗಕ್ಕೆ ಬಹಳ ಮಂದಿ ಕಾಮೆಂಟ್ ಹಾಕಿದ್ರಿ. ಬೈಲಹೊಂಗಲ ಬಸ್ ಸ್ಟ್ಯಾಂಡಿಗೆ ಬರ್ರಿ. ಸವದತ್ತಿ ಬಸ್ಸು ಒಳಗೆ ತಿರುಗಿದ ಕೂಡಲೇ ಎಲ್ಲರೂ ಏಳ್ತಾರೆ, ನಿಮಗೆ ಸಿಗೋದು 20 ಸೆಕೆಂಡು. ಮುಖಕ್ಕೆ, ಮೀಸೆಗೆ ಹೋಗಬೇಡಿ. ಭಾರ ಎಲ್ಲಿದೆ ಅಂತ ಹುಡುಕಿ. ಒಂದೇ ಕಾಲ ಮೇಲೆ ಭಾರ ಹಾಕಿ ನಿಂತವರ ಕುತ್ತಿಗೆ ಗುಳಿಯಿಂದ ಒಂದು ದಾರ ಇಳಿಬಿಟ್ಟಂಗೆ ನೋಡಿದ್ರೆ ಅದು ಆ ಕಾಲಿನ ಹತ್ರಾನೇ ಬೀಳುತ್ತೆ. ಬಲಗೈಯಲ್ಲಿ ಚೀಲ ಹಿಡಿದ ಅಜ್ಜನ ಮೈ ಎಡಕ್ಕೆ ವಾಲಿರುತ್ತೆ, ದೋತರದ ನೆರಿಗೆ ಮುಂದೆ ಬಂದ ಮೊಣಕಾಲಿನಿಂದ ಶುರುವಾಗುತ್ತೆ. ಇಷ್ಟು ಸಿಕ್ಕರೆ ಅಜ್ಜ ಬಸ್ ಹತ್ತಿದ ಮೇಲೂ ಚಿತ್ರ ಮುಗಿಸಬಹುದು. ಕಿಮಾನ್ ನಿಕೊಲೈಡಿಸ್ 1941ರಲ್ಲಿ ಬಂದ 'ದಿ ನ್ಯಾಚುರಲ್ ವೇ ಟು ಡ್ರಾ' ಪುಸ್ತಕದಲ್ಲಿ ಜೆಶ್ಚರ್ ಅಂದದ್ದು ಇದನ್ನೇ: ವಸ್ತು ಹೆಂಗೆ ಕಾಣುತ್ತೆ ಅನ್ನೋದಕ್ಕಿಂತ ಅದು ಏನು ಮಾಡ್ತಿದೆ ಅನ್ನೋದನ್ನ ಮೊದಲು ಹಿಡಿ. (ಹುಡುಗಿಯರಿಗೆ: ಗೋಡೆಗೆ ಬೆನ್ನು ಕೊಟ್ಟು ಕೂಡ್ರಿ. ಹಿಂದೆ ಜಾಗ ಬಿಟ್ಟರೆ ಐದು ನಿಮಿಷದಲ್ಲಿ ಹತ್ತು ಗಂಡಸರು ನಿಂತು ಸಲಹೆ ಕೊಡ್ತಾರೆ.)

ಫೋನಿನ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಅದರ ವೈಡ್ ಲೆನ್ಸು ಹತ್ತಿರದ್ದನ್ನ ದೊಡ್ಡದು, ದೂರದ್ದನ್ನ ಸಣ್ಣದು ಮಾಡುತ್ತೆ, ನಾವು ಅದನ್ನೇ ನಂಬಿ ಕಾಪಿ ಹೊಡಿತೀವಿ. ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ.

ಸವದತ್ತಿ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತಂದ್ರೆ ನಮ್ಮ ಫೀಡ್ ತುಂಬ ಭಂಡಾರ ಹಚ್ಚಿದ ಮುಖಗಳೇ. ಜೂಮ್ ಹಾಕಿ ಹೊಡೆದ ಫೋಟೋ ಇಟ್ಕೊಂಡು ಮನೆಯಲ್ಲಿ ಕೂತು ಜೋಗಮ್ಮನ ಚಿತ್ರ ತೆಗೆದವರಲ್ಲಿ ನಾನೂ ಒಬ್ಬಳು. ಲೈಕ್ ಚಲೋ ಬಂದ್ವು. ಆದರೆ ಆ ಮುತ್ತು ಬರೇ ಅಲಂಕಾರ ಅಲ್ಲ. ದೇವದಾಸಿ ಸಮರ್ಪಣೆ ನಿಷೇಧಿಸೋ ಕಾನೂನು ನಮ್ಮ ರಾಜ್ಯದಲ್ಲಿ 1982ರಲ್ಲಿ ಆಯ್ತು. ಯಾರ ಕೊರಳಲ್ಲಿ ಯಾವ ಕಥೆ ಇದೆ ಅಂತ ಕೇಳದೆ ನಾವು ಅದನ್ನ ಬಣ್ಣ ಅಂತ ತಗೊಂಡು ಬರ್ತೀವಿ.

ಈ ಸಲ ಬುಕ್ ಹಿಡ್ಕೊಂಡು ಗುಡ್ಡದ ಮೇಲೆ ಒಬ್ಬ ಬಳೆ ಮಾರೋ ಅಮ್ಮನ ಪಕ್ಕ ಕೂತೆ. ಕೇಳಿಯೇ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ನೋಡಿ ಅಂದ್ರು: "ಯವ್ವಾ, ನನ್ನ ಕೈ ಇಷ್ಟ ಸಣ್ಣವಲ್ಲ. ದಿನಾ ಬಳಿ ಇಡಸು ಕೈ ಅದಾವ." ಖರೇ. ನಾನು ಯೂಟ್ಯೂಬಿನಲ್ಲಿ ಕಲಿತ ತೆಳ್ಳನೆ ಬೆರಳು ಅವರಿಗೆ ಹಚ್ಚಿದ್ದೆ. ಅಳಿಸಿ ಮತ್ತೆ ತೆಗೆದೆ, ಮೂರನೇ ಸ್ಲೈಡ್ ಅದು. ಫೋಟೋ ಯಾವತ್ತಾದ್ರೂ ಹಿಂಗೆ ತಿದ್ದಿದೆಯಾ? ಎದುರಿಗೆ ಕೂತು ತೆಗೆದರೆ ಅವರು "ಬ್ಯಾಡ" ಅನ್ನಬಹುದು. ಅನ್ನೋಕೆ ಅವರಿಗೆ ಟೈಮ್ ಇರುತ್ತೆ. ಇಬ್ಬರು ಅಂದ್ರು, ನಾನು ಎದ್ದು ಬಂದೆ.

ಇಲ್ಲೇ ಇನ್ನೊಂದು: ಗುಡ್ಡದ ಇಳಿಜಾರಿನಲ್ಲಿ ಕಿತ್ತೂರಿನ ಕಣ್ಣಿನ ಗೆರೆ ಲೆಕ್ಕ ನಡೆಯಲ್ಲ. ಕೆಳಗಿಂದ ಹತ್ತಿ ಬರೋರ ತಲೆ ನಿಮ್ಮ ಗೆರೆಯ ಕೆಳಗೆ, ಮೇಲೆ ನಿಂತವರ ಪಾದವೂ ಒಮ್ಮೊಮ್ಮೆ ಗೆರೆಯ ಮೇಲೆ. ಅದಕ್ಕೇ ಮೊದಲು ಇಳಿಜಾರು ಹಾಕಿ, ಆಮೇಲೆ ಜನ.

ಓಡಾಡೋ ಜನ ಅಂದ್ರೆ ಇನ್ನೂ ಹೆದರಿಕೆ ಇರೋರು ರಾಮದುರ್ಗಕ್ಕೆ ಹೋಗ್ರಿ, ಕೈಮಗ್ಗ ಇರೋ ಮನೆ ಕೇಳ್ರಿ. ನೇಕಾರರದ್ದು ತಿರುಗಿ ತಿರುಗಿ ಬರೋ ಚಲನೆ. ಲಾಳಿ ಆ ಕಡೆ, ಲಾಳಿ ಈ ಕಡೆ, ಕಾಲು ಹಲಗೆ ತುಳಿಯುತ್ತೆ. ಒಂದೇ ಹಾಳೆಯಲ್ಲಿ ಮೂರು ಭಂಗಿ ಶುರು ಮಾಡಿ, ಯಾವ ಭಂಗಿ ಮರಳಿ ಬಂತೋ ಅದಕ್ಕೆ ಎರಡು ಗೆರೆ ಸೇರಿಸ್ತಾ ಹೋಗಿ. ಲೈಫ್ ಕ್ಲಾಸಿನ ಮಾಡೆಲ್ ಇಷ್ಟು ಸಲ ಅದೇ ಜಾಗಕ್ಕೆ ಬರಲ್ಲ. ನಂಗೆ ಬೆನ್ನಿನ ಬಾಗು ಸಿಗ್ತಾನೇ ಇರಲಿಲ್ಲ. ಅವರು ಚಹಾಕ್ಕೆ ಎದ್ದಾಗ ಕೇಳಿ ಅವರ ಜಾಗದಲ್ಲಿ ಕೂತೆ. ಎರಡೇ ನಿಮಿಷಕ್ಕೆ ಸೊಂಟ ಹೇಳಿತು. ಕೆ.ಕೆ. ಹೆಬ್ಬಾರ್ ಲಯ ತಿಳಿಯೋಕೆ ತಾವೇ ಕಥಕ್ ಕಲಿತರಂತೆ. ಅವರ ನರ್ತಕಿಯರ ನಾಲ್ಕೈದು ಗೆರೆ ನೋಡಿದಾಗೆಲ್ಲ ನಂಗೆ ಆ ಮಗ್ಗದ ಕುಣಿ ನೆನಪಾಗುತ್ತೆ.

ಈ ಭಾನುವಾರ ಬೆಳಿಗ್ಗೆ 8ಕ್ಕೆ ಬೈಲಹೊಂಗಲ ಬಸ್ ಸ್ಟ್ಯಾಂಡ್. ಒಂದು ಪೆನ್ನು ಸಾಕು, ರಬ್ಬರ್ ಮನೇಲಿ ಬಿಟ್ಟು ಬರ್ರಿ. 11ರ ನಂತರ ಬಿಸಿಲು, ಕೂರಾಕ ಆಗಂಗಿಲ್ಲ. ಕೊನೇ ಸ್ಲೈಡ್ ಕಿತ್ತೂರಿನದೇ, ಹೋದ ವಾರದ್ದು. ಹುಲ್ಲು ಕೊಯ್ಯೋ ಇಬ್ಬರು ಅದಾರ. ಒಬ್ಬರ ಕಾಲು ಇನ್ನೂ ಸರಿ ಬಂದಿಲ್ಲ, ಯಾವುದು ಅಂತ ಕಾಮೆಂಟಿನಲ್ಲಿ ಹೇಳ್ರಿ.

#ಸ್ಕೆಚ್‌ಬುಕ್‌ಸರಣಿ #ಬೈಲಹೊಂಗಲ #ಕಿತ್ತೂರು #ಎದುರಿಗೆಕೂತು