ನಿನ್ನ ತಪ್ಪು ಎಲ್ಲಿದೆ?

ಬೇಸಿಗೆಯ ಬಿಸಿಲು ನೆತ್ತಿಗೇರುವ ಹೊತ್ತಿಗೆ ನಮ್ಮ ಕಡೆಯಲ್ಲಿ ಇನ್ನೊಂದು ಬಿಸಿಯೂ ಏರುವುದುಂಟು. ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ಬಿಸಿ. ಕೊಪ್ಪಳದ ಬಸ್ ನಿಲ್ದಾಣದ ಚಹದಂಗಡಿಯಿಂದ ಹಿಡಿದು ಕುಷ್ಟಗಿಯ ಸಂತೆಯವರೆಗೆ ಒಂದೇ ಮಾತು: ಜಿಲ್ಲೆಗೆ ಎಷ್ಟನೆಯ ಸ್ಥಾನ ಬಂದಿತು? ಗಂಗಾವತಿ ಮುಂದೋ, ಯಲಬುರ್ಗಾ ಹಿಂದೋ? ಯಾವ ಶಾಲೆ ನೂರಕ್ಕೆ ನೂರು, ಯಾವ ಶಾಲೆ ಸೊನ್ನೆ? ಮೂವತ್ತು ವರ್ಷಕ್ಕೂ ಮಿಕ್ಕು ಮಾಸ್ತರಿಕೆ ಮಾಡಿದ ನಾನೂ ಈ ಮಾತುಗಳಲ್ಲಿ ಪಾಲುಗೊಂಡವನೇ. ಆದರೆ ಈ ವಾರ ನಾನು ಬರೆಯಹೊರಟಿರುವುದು ಸ್ಥಾನದ ವಿಷಯವನ್ನಲ್ಲ. ಆ ಸ್ಥಾನವನ್ನು ನಾವು ಹೇಗೆ ಗಳಿಸಿಕೊಳ್ಳುತ್ತಿದ್ದೆವು ಎಂಬುದನ್ನು. ಇದರಲ್ಲಿ ನನ್ನದೂ ಒಂದು ಪಾಲಿನ ಅಪರಾಧವಿರುವುದರಿಂದ ಮೊದಲು ನನ್ನಿಂದಲೇ ಆರಂಭಿಸುತ್ತೇನೆ.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಬಡ್ಡಿಯ ಲೆಕ್ಕ. ಇನ್ನೂರೈವತ್ತು ರೂಪಾಯಿಗೆ ನೂರಕ್ಕೆ ಆರರಂತೆ ಮೂರು ವರ್ಷಕ್ಕೆ ಬಡ್ಡಿ ಎಷ್ಟು? ನನಗೆ ಬಾರದು. ಪಕ್ಕದಲ್ಲಿ ಕುಳಿತವನು ಲೆಕ್ಕದಲ್ಲಿ ಹುಲಿ ಎಂದು ಹೆಸರಾದ ಹುಡುಗ. ಅವನ ಪಾಟಿಯ ಮೇಲೆ ಕಳ್ಳಗಣ್ಣು ಹಾಯಿಸಿ ಅವನು ಬರೆದುದನ್ನೇ ಬರೆದೆ. ಅಂದು ಹುಲಿಗೂ ಮಂಪರು ಬಂದಿತ್ತೋ ಏನೋ, ನಲವತ್ತೈದು ಬರಬೇಕಾದಲ್ಲಿ ಅಂಕಿಗಳನ್ನು ಹಿಂದುಮುಂದು ಮಾಡಿ ಐವತ್ತನಾಲ್ಕು ಎಂದು ಬರೆದಿದ್ದ. ನಾನೂ ಐವತ್ತನಾಲ್ಕು. ಮಾಸ್ತರರು ಎರಡೂ ಪಾಟಿಗಳನ್ನು ಅಕ್ಕಪಕ್ಕ ಹಿಡಿದು ನೋಡಿದರು. ಬೆತ್ತ ಮೇಜಿನ ಮೇಲೆಯೇ ಇತ್ತು, ಅದನ್ನು ಮುಟ್ಟಲಿಲ್ಲ. ನನ್ನನ್ನು ಹತ್ತಿರ ಕರೆದು ಕೇಳಿದರು:

“ಈ ತಪ್ಪು ಅವಂದು. ನಿನ್ನ ತಪ್ಪು ಎಲ್ಲೈತೋ ತಮ್ಮಾ?”

ನನಗೆ ಅರ್ಥವಾಗಲಿಲ್ಲ. “ಹೋಗು, ನಿನ್ನ ತಪ್ಪು ಬರಕೊಂಡು ಬಾ. ಅದನ್ನ ತಿದ್ದಾಕ ನನಗ ಪಗಾರ ಕೊಡ್ತಾರ” ಎಂದರು. ನಾನು ಗೋಡೆಯ ಕಡೆಗೆ ಮುಖ ಮಾಡಿ ಕುಳಿತು, ನನಗೆ ತಿಳಿದಂತೆ ಲೆಕ್ಕ ಮಾಡಿ, ಹದಿನೈದು ಎಂಬ ಉತ್ತರವನ್ನು ತೆಗೆದುಕೊಂಡು ಹೋದೆ. ಒಂದೇ ವರ್ಷದ ಬಡ್ಡಿಯನ್ನು ಕಟ್ಟಿ, ಮೂರರಿಂದ ಗುಣಿಸುವುದನ್ನು ಮರೆತಿದ್ದೆ. ಮಾಸ್ತರರ ಮುಖದಲ್ಲಿ ಕಂಡ ಸಂತೋಷ ಇಂದಿಗೂ ನೆನಪಿದೆ. ಸರಿಯುತ್ತರ ತಂದ ಹುಡುಗನಿಗೂ ಅವರು ಅಷ್ಟು ಸಂತೋಷ ತೋರಿಸುತ್ತಿರಲಿಲ್ಲ. ಎರಡೇ ಮಾತಿನಲ್ಲಿ ಮರೆತುದೇನೆಂಬುದನ್ನು ತೋರಿಸಿಕೊಟ್ಟರು. ಬಡ್ಡಿಯ ಲೆಕ್ಕ ನನಗೆ ಅಂದು ಬಂದದ್ದು ಮತ್ತೆ ಹೋಗಲಿಲ್ಲ.

ಕದ್ದ ಉತ್ತರ ಸರಿಯಿದ್ದರೂ ತಪ್ಪಿದ್ದರೂ ಒಂದೇ. ಅದರಲ್ಲಿ ಹುಡುಗನ ಬುದ್ಧಿ ಎಲ್ಲಿ ಎಡವಿತು ಎಂಬ ಗುರುತು ಇರುವುದಿಲ್ಲ. ಗುರುತಿಲ್ಲದ ಮೇಲೆ ಗುರುವಾದವನು ತಿದ್ದುವುದಾದರೂ ಏನನ್ನು? ವೈದ್ಯನ ಮುಂದೆ ನೆರೆಮನೆಯವನ ನಾಡಿಯನ್ನು ಒಡ್ಡಿದಂತಾಯಿತು. ನೀತಿಯ ಪ್ರಶ್ನೆ ಹಾಗಿರಲಿ. ಅದನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಕಲಿಕೆಯ ವ್ಯವಹಾರವೇ ಅಲ್ಲಿ ನಿಂತುಹೋಗುತ್ತದೆಂಬುದು ನನ್ನ ತಕರಾರು.

ಇಂಥ ಮಾಸ್ತರರ ಕೈಯಲ್ಲಿ ಕಲಿತವನು ಮುಂದೆ ಮಾಡಿದ್ದೇನು? ಹೇಳಿಯೇ ತೀರಬೇಕು. ಬಹಳ ವರ್ಷಗಳ ಹಿಂದೆ ಒಂದು ಹಳ್ಳಿಯ ಪರೀಕ್ಷಾಕೇಂದ್ರದಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಗಣಿತದ ದಿನ. ಕಿಟಕಿಯ ಹೊರಗೆ ಅಣ್ಣಂದಿರು, ಮಾವಂದಿರು, ಒಳಗೆ ಚೀಟಿಗಳು. ‘ನಮ್ಮ ಹುಡುಗರು ಬಡವರು ಸರ, ಒಂದು ವರ್ಷ ಹೋದರೆ ಶಾಲೆಯನ್ನೇ ಬಿಟ್ಟಾರು’ ಎಂದು ಊರವರು ಮುಂಚೆಯೇ ಬಂದು ಹೇಳಿ ಹೋಗಿದ್ದರು. ಮೇಲಿನವರಿಗೂ ಫಲಿತಾಂಶ ಬೇಕಾಗಿತ್ತು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೊರಗಿನ ಬೇವಿನ ಮರವನ್ನು ನೋಡುತ್ತ ಕುಳಿತೆ. ಮೂರು ಗಂಟೆಗಳ ಕಾಲ ಒಂದು ಬೇವಿನ ಮರವನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಬಹುಶಃ ಬೇರೆ ಯಾರೂ ಇರಲಾರರು.

ಏಳೆಂಟು ವರ್ಷಗಳ ಬಳಿಕ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಒಬ್ಬ ತರುಣ ಬಂದು ಕಾಲು ಮುಟ್ಟಿದ. ಗೋವೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ತಿರುಗಿ ಬಂದಿದ್ದನಂತೆ. “ಸರ, ಅವತ್ತ ನೀವು ದೊಡ್ಡ ಉಪಕಾರ ಮಾಡಿದ್ರಿ, ನಾ ಪಾಸಾದೆ” ಎಂದು ಮನಸಾರೆ ಹೇಳಿದ. ಆಮೇಲೆ ಕಿಸೆಯಿಂದ ಒಂದು ಕಾಗದ ತೆಗೆದು, “ಇದನ್ನಷ್ಟು ಓದಿ ಹೇಳ್ರಿ ಸರ” ಎಂದ. ಗುತ್ತಿಗೆದಾರನು ಕೊಟ್ಟ ಲೆಕ್ಕ. ಮುಂಗಡ ಎಷ್ಟು, ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು. ಕನ್ನಡದಲ್ಲಿಯೇ ಇತ್ತು. ನಾನು ಓದಿ ಹೇಳಿದೆ. ಲೆಕ್ಕದಲ್ಲಿ ಅವನಿಗೆ ಮೋಸವಾಗಿತ್ತು, ಅದನ್ನೂ ಹೇಳಿದೆ. ಅವನು ನನ್ನ ಮೇಲೆ ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮತ್ತೊಮ್ಮೆ ಕೈಮುಗಿದು ಯಲಬುರ್ಗಾದ ಬಸ್ಸು ಹತ್ತಿದ.

ಆದುದರಿಂದ 2024ರಲ್ಲಿ ಪರೀಕ್ಷಾ ಮಂಡಳಿಯು ಕೊಠಡಿಗಳಲ್ಲಿ ಕ್ಯಾಮರಾ ಇಡಿಸಿ, ವೆಬ್‌ಕಾಸ್ಟಿಂಗಿನ ಮೂಲಕ ದೂರದಿಂದಲೇ ಕಣ್ಣಿಡುವ ಏರ್ಪಾಡು ಮಾಡಿದಾಗ ನಾನು ವಿರೋಧಿಸಲಿಲ್ಲ. ಕ್ಯಾಮರಾ ಬೇವಿನ ಮರವನ್ನು ನೋಡುವುದಿಲ್ಲ. ಪರಿಣಾಮ ಎಲ್ಲರಿಗೂ ತಿಳಿದದ್ದೇ. 2023ರಲ್ಲಿ ರಾಜ್ಯದ ಫಲಿತಾಂಶ ನೂರಕ್ಕೆ 83.89 ಇದ್ದುದು 2024ರಲ್ಲಿ 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಿ, ಅದಕ್ಕೆ ಬೇಕಾದ ಕನಿಷ್ಠ ಅರ್ಹತೆಯನ್ನು ಮೂವತ್ತೈದರಿಂದ ಇಪ್ಪತ್ತೈದಕ್ಕೆ ಇಳಿಸಿದ ಮೇಲೆ! ಮರುವರ್ಷ, 2025ರಲ್ಲಿ, ಆ ಊರುಗೋಲು ಇರಲಿಲ್ಲ. ಮೊದಲ ಪರೀಕ್ಷೆಯ ಫಲಿತಾಂಶ 66.14ಕ್ಕೆ ಬಂದಿತು. ದಕ್ಷಿಣ ಕನ್ನಡ 91ರ ಮೇಲೆ, ಕಲಬುರಗಿ 42ರ ಸುಮಾರಿಗೆ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಪಟ್ಟಿಯ ಕೆಳಭಾಗದಲ್ಲಿ ಗುಂಪುಗೂಡಿ ಕುಳಿತವು. ಶಿಕ್ಷಣ ಕುಸಿಯಿತೆಂದು ಬೊಬ್ಬೆ ಎದ್ದಿತು.

ಶಿಕ್ಷಣ ಆ ಒಂದೆರಡು ವರ್ಷಗಳಲ್ಲಿ ಕುಸಿಯಲಿಲ್ಲ. ಕುಸಿದು ಬಹಳ ದಿನವಾಗಿದ್ದುದು ಕಣ್ಣಿಗೆ ಬಿದ್ದಿತು, ಅಷ್ಟೆ. ರಾಜ್ಯವು ಮೊದಲ ಸಲ ತನ್ನ ಸ್ವಂತ ತಪ್ಪನ್ನು ಪಾಟಿಯ ಮೇಲೆ ಬರೆದುಕೊಂಡು ಬಂದು ನಿಂತಿತು. ಆಗ ಮಾಡಬೇಕಾದದ್ದು ಮೂರರಿಂದ ಗುಣಿಸಲು ಮರೆತದ್ದು ಎಲ್ಲಿ ಎಂದು ಹುಡುಕುವುದು. ನಾವು ಮಾಡಿದ್ದು ಕೃಪಾಂಕದ ಬಟ್ಟೆಯಿಂದ ಪಾಟಿಯನ್ನು ಒರಸುವುದು. ಮುಂದೆ ಅದನ್ನು ಕೈಬಿಟ್ಟರೆಂಬುದು ಸಂತೋಷದ ಸಂಗತಿಯೇ. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಮಿತಿಯನ್ನು ಮೂವತ್ತಮೂರಕ್ಕೆ ಇಳಿಸುವುದಾಗಿ ಪ್ರಕಟಿಸಿದರು. ಎರಡು ಅಂಕಗಳ ಬಗ್ಗೆ ನನ್ನ ಜಗಳವಿಲ್ಲ.

ಆದರೆ ಕ್ಯಾಮರಾ ಪ್ರಾಮಾಣಿಕತೆಯನ್ನು ಕಲಿಸುತ್ತದೆಂದು ಭ್ರಮಿಸುವವರ ಸಾಲಿನಲ್ಲಿಯೂ ನಾನಿಲ್ಲ. ಅದು ಅಳೆಯುತ್ತದೆ, ಕಲಿಸಲಾರದು. ಮಕ್ಕಳಿಗೆ ಕಳ್ಳತನವನ್ನು ಹೇಳಿಕೊಟ್ಟವರು ನಾವೇ. ಗಾಂಧೀಜಿಯವರ ಬಾಲ್ಯದ ಪ್ರಸಂಗ ವಾಚಕರಿಗೆ ಗೊತ್ತಿದ್ದದ್ದೇ: ರಾಜಕೋಟೆಯ ಶಾಲೆಗೆ ತನಿಖೆಗೆ ಬಂದ ಸಾಹೇಬರು ಐದು ಇಂಗ್ಲಿಷ್ ಶಬ್ದಗಳನ್ನು ಬರೆಯಹೇಳಿದಾಗ, ಒಂದು ಶಬ್ದವನ್ನು ತಪ್ಪಾಗಿ ಬರೆದ ಹುಡುಗನಿಗೆ ಪಕ್ಕದವನ ಪಾಟಿಯನ್ನು ನೋಡೆಂದು ಬೂಟಿನ ತುದಿಯಿಂದ ಸನ್ನೆ ಮಾಡಿದವರು ಸ್ವತಃ ಶಿಕ್ಷಕರು. ಹುಡುಗನ ಪ್ರಾಮಾಣಿಕತೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಕಾಣುವುದು ಆ ಶಿಕ್ಷಕರ ಹೆದರಿಕೆ. ಶಾಲೆಯ ಫಲಿತಾಂಶ ಕೆಟ್ಟೀತು, ಸಾಹೇಬರು ಸಿಟ್ಟಾದಾರು ಎಂಬ ಅಂಜಿಕೆ. ಆ ಅಂಜಿಕೆ ಇಂದಿಗೂ ಹೋಗಿಲ್ಲ. ಫಲಿತಾಂಶ ಕಡಿಮೆಯಾದ ಶಾಲೆಗೆ ನೋಟೀಸು ಹೋಗುತ್ತದೆ. ಏಕೆ ಕಡಿಮೆಯಾಯಿತೆಂದು ಕುಳಿತು ಕೇಳುವವರು ಅಪರೂಪ. ನಪಾಸಾದ ಹುಡುಗನನ್ನು ನಾವು ನೋಡುವ ರೀತಿಯಲ್ಲಿಯೇ ಸರಕಾರವು ನಪಾಸಾದ ಶಾಲೆಯನ್ನೂ ನೋಡುತ್ತದೆ.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ‘ಸೋಲಿನಿಂದ ಕಲಿ’ ಎಂದು ಉಪದೇಶಿಸುವುದು ಉಂಡು ಕುಳಿತವರಿಗೆ ಸುಲಭ. ತುಂಗಭದ್ರೆಯ ಕಾಲುವೆಯ ನೀರು ಹರಿಯುವ ಗಂಗಾವತಿಯ ಗದ್ದೆಯ ಮನೆಗೂ, ಮಳೆಯ ದಾರಿ ಕಾಯುವ ಕುಷ್ಟಗಿ, ಯಲಬುರ್ಗಾಗಳ ಎರೆ ಮಸಾರಿ ಹೊಲದ ಮನೆಗೂ ನಪಾಸು ಎಂಬ ಶಬ್ದದ ಬೆಲೆ ಒಂದೇ ಅಲ್ಲ. ಇಲ್ಲಿ ನಪಾಸಾದ ಹುಡುಗ ಗುಳೆ ಹೋಗುತ್ತಾನೆ. ನಪಾಸಾದ ಹುಡುಗಿಗೆ ಗಂಡು ನೋಡುತ್ತಾರೆ. ಊರವರು ಅಂದು ನನ್ನ ಬಳಿ ಬಂದು ಹೇಳಿದ ಮಾತು ಸುಳ್ಳಾಗಿರಲಿಲ್ಲ. ಅವರ ಭಯ ನಿಜವಾದದ್ದು. ಅದಕ್ಕೆ ನಾನು ಕೊಟ್ಟ ಮದ್ದು ಖೊಟ್ಟಿಯದು.

ಈ ದೃಷ್ಟಿಯಿಂದ 2024ರಲ್ಲಿ ಬಂದ ಮೂರು ಪರೀಕ್ಷೆಗಳ ಪದ್ಧತಿಯನ್ನು ನಾನು ಕ್ಯಾಮರಾಕ್ಕಿಂತ ದೊಡ್ಡ ಸುಧಾರಣೆಯೆಂದು ತಿಳಿಯುತ್ತೇನೆ. ಆಗ ಅದೇ ವರ್ಷ ಮೂರು ಅವಕಾಶ ಕೊಟ್ಟರು. ಬಂದುದರಲ್ಲಿ ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳಬಹುದಾಗಿತ್ತು. ‘ಪೂರಕ ಪರೀಕ್ಷೆ’ ಎಂಬ ಹಣೆಪಟ್ಟಿಯೂ ಹೋಯಿತು. ಆದರೆ ನಡುವಿನ ಅವಧಿಯನ್ನು ನೋಡಿ. 2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂದಿತು. ಎರಡನೆಯ ಪರೀಕ್ಷೆ ಮೇ 26ಕ್ಕೆ. ನಾಲ್ಕು ವಾರವೂ ಸರಿಯಾಗಿ ಇಲ್ಲದ ಆ ದಿನಗಳಲ್ಲಿ ನಮ್ಮ ಎಷ್ಟೋ ಮಕ್ಕಳು ತಂದೆತಾಯಿಗಳೊಡನೆ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಲ್ಲು ಹೊರುತ್ತಿರುತ್ತಾರೆ. ಊರಲ್ಲಿ ಉಳಿದವರಿಗಾದರೂ ತಾವು ಎಲ್ಲಿ ತಪ್ಪಿದೆವೆಂಬುದು ತಿಳಿಯುವುದು ಹೇಗೆ? ಉತ್ತರಪತ್ರಿಕೆಯ ಪ್ರತಿಯನ್ನು ಬೇಡಿ ಪಡೆಯಬಹುದು, ಶುಲ್ಕ ಕಟ್ಟಿ. ಶುಲ್ಕ ಕಟ್ಟಿ ತರಿಸಿಕೊಳ್ಳುವವರು ತೊಂಬತ್ತೈದು ಬಂದದ್ದು ತೊಂಬತ್ತೇಳು ಆದೀತೇ ಎಂದು ನೋಡುವವರು. ಇಪ್ಪತ್ತೆರಡು ಬಂದವನು ತರಿಸಿಕೊಂಡದ್ದನ್ನು ನಾನು ಕಂಡಿಲ್ಲ. ಅವನಿಗೇ ಅಲ್ಲವೆ ಅದು ಬೇಕಾದದ್ದು? ನಪಾಸಾದ ಪ್ರತಿಯೊಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯ ಪ್ರತಿಯನ್ನು ಮಂಡಳಿಯು ಕಾಸಿಲ್ಲದೆ ಅವನ ಶಾಲೆಗೆ ಕಳಿಸಿಕೊಡಲಿ. ಅವನ ಮಾಸ್ತರರು ಅದನ್ನು ಅವನ ಮುಂದಿಟ್ಟುಕೊಂಡು ಒಂದು ಸಂಜೆ ಕೂಡಲಿ. ಇದಕ್ಕಿಂತ ಹೆಚ್ಚಿನ ಯೋಜನೆ ನನ್ನಲ್ಲಿ ಇಲ್ಲ.

ತಪ್ಪನ್ನು ಬೆಳಕಿಗೆ ಹಿಡಿದು ನೋಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಕೊಪ್ಪಳವನ್ನು ತಿರುಳ್ಗನ್ನಡದ ಸೀಮೆಯೊಳಗೆ ಎಣಿಸಿದ ‘ಕವಿರಾಜಮಾರ್ಗ’ವನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಒಂಬತ್ತನೆಯ ಶತಮಾನದ ಆ ಗ್ರಂಥದ ಮೊದಲ ಪರಿಚ್ಛೇದವೇ ದೋಷಗಳನ್ನು ಕುರಿತದ್ದೆಂಬುದನ್ನು ಮಾತ್ರ ಮರೆಯುತ್ತೇವೆ. ಕನ್ನಡದಲ್ಲಿ ನಮಗೆ ದೊರೆತ ಅತ್ಯಂತ ಹಳೆಯ ಗ್ರಂಥವು ಅಲಂಕಾರಗಳಿಗಿಂತ ಮೊದಲು ತಪ್ಪುಗಳ ಮಾತನ್ನೆತ್ತುತ್ತದೆ!

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಗವಿಮಠದ ಬೆಟ್ಟ ಹತ್ತಬೇಕು. ಅಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಅಶೋಕನನ್ನು ಓದಿದವರ ಕಥೆಯೂ ಒಂದು ಪಾಠವೇ. 1837ರಲ್ಲಿ ಬ್ರಾಹ್ಮೀಲಿಪಿಯ ಬೀಗ ತೆರೆದ ಜೇಮ್ಸ್ ಪ್ರಿನ್ಸೆಪ್ ಸಾಹೇಬರು, ಶಾಸನಗಳಲ್ಲಿ ಬರುವ ‘ಪಿಯದಸಿ’ ಸಿಂಹಳದ ಅರಸನೆಂದು ಮೊದಲು ಬರೆದರು. ಅದು ತಪ್ಪು. ಸಿಂಹಳದಲ್ಲಿದ್ದ ಟರ್ನರ್ ಎಂಬವರು ಪಾಳಿ ಗ್ರಂಥದ ಆಧಾರದಿಂದ ಅವನು ಅಶೋಕನೆಂದು ತೋರಿಸಿದಾಗ, ಪ್ರಿನ್ಸೆಪ್ ತಾವೇ ನಡೆಸುತ್ತಿದ್ದ ಪತ್ರಿಕೆಯಲ್ಲಿ ತಿದ್ದಿಕೊಂಡರು. ಮುಂದೆ 1915ರಲ್ಲಿ ಅಶೋಕನೆಂಬ ಹೆಸರನ್ನೇ ಕೆತ್ತಿದ ಶಾಸನ ದೊರೆತದ್ದು ಬೇರೆಲ್ಲಿಯೂ ಅಲ್ಲ, ನಮ್ಮ ನೆರೆಯ ಮಸ್ಕಿಯಲ್ಲಿ.

ಕಳೆದ ಚಳಿಗಾಲದಲ್ಲಿ ಪರಿಚಿತ ಶಿಕ್ಷಕರೊಬ್ಬರು ತಮ್ಮ ಹತ್ತನೆಯ ತರಗತಿಯ ಮಕ್ಕಳನ್ನು ಆ ಬೆಟ್ಟಕ್ಕೆ ಕರೆದೊಯ್ಯುವಾಗ ನನ್ನನ್ನೂ ಕರೆದರು. ಮೊಣಕಾಲು ಹಿಡಿದುಕೊಳ್ಳುತ್ತ ಹತ್ತಿದೆ. ಬಂಡೆಯ ಮುಂದೆ ನಿಂತು ಶಾಸನದ ಸಾರವನ್ನು ಹೇಳಿದೆ: ಎರಡೂವರೆ ವರ್ಷಗಳಿಂದ ತಾನು ಉಪಾಸಕನಾಗಿದ್ದರೂ ಮೊದಮೊದಲು ಹೆಚ್ಚಿನ ಶ್ರಮವನ್ನೇ ಪಡಲಿಲ್ಲವೆಂದು ಅರಸನು ಇಲ್ಲಿ ತಾನಾಗಿ ಒಪ್ಪಿಕೊಂಡಿದ್ದಾನೆ, ಸಂಘವನ್ನು ಸೇರಿದ ಮೇಲೆ ಒಂದು ವರ್ಷಕ್ಕೂ ಮಿಕ್ಕು ಚೆನ್ನಾಗಿ ಶ್ರಮಿಸಿದೆನೆಂದೂ, ಈ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಚಿಕ್ಕವರಿಗೂ ದೊರೆಯುವುದೆಂದೂ ಹೇಳಿಸಿದ್ದಾನೆ. ಸಾಮ್ರಾಟನೊಬ್ಬ ತನ್ನ ಸೋಮಾರಿತನವನ್ನು ಕಲ್ಲಿನ ಮೇಲೆ ಕೊರೆಯಿಸಿ, ಅದನ್ನು ನೂರಾರು ಹರದಾರಿ ದೂರದ ಈ ಗುಡ್ಡದವರೆಗೂ ಕಳಿಸಿಕೊಟ್ಟದ್ದು ನನಗೆ ಇಂದಿಗೂ ಸೋಜಿಗ.

ಹಿಂದೆ ನಿಂತಿದ್ದ, ಗಣಿತದಲ್ಲಿ ಹಿಂದುಳಿದವನೆಂದು ಶಿಕ್ಷಕರು ಮೊದಲೇ ನನಗೆ ಪರಿಚಯಿಸಿದ್ದ ಹುಡುಗನೊಬ್ಬ ಕೇಳಿದ: “ಹಂಗಾರ ರಾಜಾನೂ ಒಂದಪ ನಪಾಸ ಆಗಿದ್ನೇನ್ರಿ ಸರ?”

“ಹೌದಪಾ” ಎಂದೆ.

“ಯಾರರೆ ಕೇಳಿದ್ರೇನ್ರಿ ಬರಿ ಅಂತ?”

ಯಾರೂ ಕೇಳಿರಲಿಲ್ಲವೆಂದು ಹೇಳಿದೆ. ಅವನು ಬಂಡೆಯ ಹತ್ತಿರಕ್ಕೆ ಹೋಗಿ, ತನಗೆ ಓದಲು ಬಾರದ ಆ ಅಕ್ಷರಗಳನ್ನು ಬಹಳ ಹೊತ್ತು ನೋಡುತ್ತ ನಿಂತ. ಉಳಿದವರು ಆಗಲೇ ಬುತ್ತಿ ಬಿಚ್ಚಲು ಕೆಳಗಿಳಿಯತೊಡಗಿದ್ದರು.