ಬಿಳಿಯದೆಲ್ಲ ಬೆಳಕಲ್ಲ



ಕುರಿಗೊಬ್ಬರಕ್ಕೆಂದು ಬಳ್ಳಾರಿ ಸೀಮೆಗೆ ಹೋಗಿಬರುವ ನಮ್ಮವರು ಅನೇಕರು ಜೀಪು, ಕಾರುಗಳಿಗೆ ಹಾಲುಬಿಳುಪಿನ ಎಲ್‌ಇಡಿ ಬಲ್ಬು ಹಾಕಿಸುತ್ತಿದ್ದಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಹ್ಯಾಲೊಜೆನ್ ದೀಪದ ಕನ್ನಡಿಯನ್ನು ಅದರೊಳಗೆ ಉರಿಯುವ ಸಣ್ಣ ತಂತಿಯ ಸ್ಥಾನಕ್ಕೆ ಹೊಂದುವಂತೆ ರೂಪಿಸಿರುತ್ತಾರೆ. ಅಲ್ಲಿ ಎಲ್‌ಇಡಿ ತುರುಕಿದರೆ ಬೆಳಕು ಗುರಿ ತಪ್ಪಿ ಚದುರಿ, ಎದುರಿನವನ ಕಣ್ಣಿಗೆ ರಾಚುತ್ತದೆ. ಇನ್ನು 60/55 ವ್ಯಾಟಿನ ಜಾಗಕ್ಕೆ 100/90ರ ಬಲ್ಬು ಹಾಕಿದರೆ ಹೋಲ್ಡರೂ ವೈರೂ ಕಾದು ಕರಗುವ ಅಪಾಯವಿದೆ.

ಸುಗ್ಗಿಯಲ್ಲಿ ಸಿರುಗುಪ್ಪದ ರಸ್ತೆಯ ಎಷ್ಟೋ ಭತ್ತದ ಟ್ರ್ಯಾಕ್ಟರುಗಳಿಗೆ ಹಿಂಬದಿ ದೀಪವಿರುವುದಿಲ್ಲ. ಕುರುಗೋಡಿನ ಕಡೆ ಕುರಿಹಿಂಡು ಅಡ್ಡ ಬರುತ್ತದೆ. ನಮ್ಮ ದೀಪಕ್ಕೆ ಕಣ್ಣು ಕೋರೈಸಿದ ಚಾಲಕನಿಗೆ ಇವೆರಡೂ ಕಾಣವು. ಎರೆಭೂಮಿಯ ಧೂಳಿನಲ್ಲಿ, ನಮ್ಮ ಘಟ್ಟದ ಮಂಜಿನಲ್ಲಿ ಅದೇ ಪ್ರಖರ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ.

2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ದೀಪಗಳ ವಿರುದ್ಧ ಮೊಕದ್ದಮೆ ಹೂಡಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ದಂಡಕ್ಕಲ್ಲ, ಎದುರು ಬರುವವನ ಜೀವಕ್ಕೆ ನಾವು ಅಂಜಬೇಕು.

ಬೆಳಕು ಸಾಲದೆ? ಮಬ್ಬಾದ ಗಾಜನ್ನು ಉಜ್ಜಿಸಿ. ರಿಲೇ ಹಾಕಿಸಿ, ಬಲ್ಬಿಗೆ ಪೂರ್ಣ ವೋಲ್ಟೇಜು ದೊರೆಯಲಿ. ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ದೀಪದ ಓರೆ ಸರಿಪಡಿಸಿ. ಎದುರು ವಾಹನ ಕಂಡೊಡನೆ ಡಿಮ್ ಮಾಡುವುದಕ್ಕಂತೂ ಕಾಸು ಬೇಕಿಲ್ಲ.

— ಕಾರ್ಯದರ್ಶಿ