ರಿಯಾಯಿತಿಗೆ ದಾಖಲೆಯೇ ದಾರಿ

ಬಾಂಗ್ಲಾದೇಶದ ಸಿದ್ಧ ಉಡುಪುಗಳಿಗೆ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಡಿ ಭಾರತ 2011ರಲ್ಲಿ ಸುಂಕವಿಲ್ಲದೆ ಬಾಗಿಲು ತೆರೆಯಿತು. ಆದರೆ ಈ ಸೌಲಭ್ಯ ತಾನಾಗಿ ದಕ್ಕುವುದಿಲ್ಲ. ಅಂಗಿ ನಿಜಕ್ಕೂ ಅಲ್ಲೇ ತಯಾರಾದದ್ದು ಎಂಬುದನ್ನು ಇಲ್ಲಿನ ಆಮದುದಾರ ಸಾಬೀತುಪಡಿಸಬೇಕು.

ಹಿಂದೆ ಢಾಕಾದ ರಫ್ತು ಉತ್ತೇಜನ ಮಂಡಳಿ ಕೊಟ್ಟ ಮೂಲದೇಶದ ಪ್ರಮಾಣಪತ್ರ ತೋರಿಸಿದರೆ ಬಹುತೇಕ ಕೆಲಸ ಮುಗಿಯುತ್ತಿತ್ತು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಹೊಸ ನಿಯಮಗಳ ಪ್ರಕಾರ ಅದೊಂದೇ ಸಾಲದು. ಬಟ್ಟೆ ಎಲ್ಲಿಂದ ಬಂತು, ಹೊಲಿಗೆ ಎಲ್ಲಿ ನಡೆಯಿತು, ಸ್ಥಳೀಯ ಮೌಲ್ಯ ಎಷ್ಟು ಸೇರಿತು ಎಂಬ ವಿವರಗಳನ್ನು ಆಮದುದಾರನೇ ನಿಗದಿತ ನಮೂನೆಯಲ್ಲಿ ಇಟ್ಟುಕೊಂಡಿರಬೇಕು. ದಾಖಲೆಗಳನ್ನು ಕನಿಷ್ಠ 5 ವರ್ಷ ಕಾಪಾಡಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳಲ್ಲಿ ಒದಗಿಸಬೇಕು.

ಈ ಬಿಗಿಗೆ ಕಾರಣವಿದೆ. ಮೂರನೇ ದೇಶದ ಸರಕು ನೆರೆಯ ದೇಶದ ಚೀಟಿ ಅಂಟಿಸಿಕೊಂಡು ಒಳನುಗ್ಗಿದರೆ ಬೊಕ್ಕಸಕ್ಕೂ ನಷ್ಟ, ಇಲ್ಲಿನ ನೇಕಾರರಿಗೂ ಗಾರ್ಮೆಂಟ್ಸ್ ಕಾರ್ಮಿಕರಿಗೂ ಪೆಟ್ಟು.

ತೊಡಕು ಇರುವುದು ಬೇರೆ ಕಡೆ. ತನ್ನ ಕಚ್ಚಾಮಾಲಿನ ಬೆಲೆ, ಲಾಭದ ಲೆಕ್ಕವನ್ನು ಯಾವ ಮಾರಾಟಗಾರ ತಾನೇ ಗಿರಾಕಿಯ ಮುಂದೆ ಬಿಚ್ಚಿಡುತ್ತಾನೆ? ದೊಡ್ಡ ಬ್ರ್ಯಾಂಡ್‌ಗಳು ಖರೀದಿ ಒಪ್ಪಂದದಲ್ಲೇ ಇದನ್ನು ಷರತ್ತಾಗಿ ಸೇರಿಸಬಲ್ಲವು. ಸಣ್ಣ ವ್ಯಾಪಾರಿಗೆ ಆ ಬಲವಿಲ್ಲ. ವಿವರ ಸಿಗದಿದ್ದರೆ ಅವನ ರಿಯಾಯಿತಿ ಕೈತಪ್ಪಬಹುದು, ಸರಕು ಬಂದರಿನಲ್ಲಿ ಕಾಯಬಹುದು.

ನಿಯಮ ಸಡಿಲವಾಗಬೇಕಿಲ್ಲ. ಆದರೆ ವೆಚ್ಚದ ಗುಟ್ಟನ್ನು ರಫ್ತುದಾರ ನೇರವಾಗಿ ಕಸ್ಟಮ್ಸ್‌ಗೆ ಗೋಪ್ಯವಾಗಿ ಸಲ್ಲಿಸುವ ಸರಳ ವ್ಯವಸ್ಥೆ ಬೇಕು. ಭರ್ತಿ ಮಾಡಿದ ಮಾದರಿ ನಮೂನೆಗಳು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಸಿಗಬೇಕು. ಇಷ್ಟನ್ನು ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ತಡಮಾಡದೆ ಮಾಡಲಿ.